ಕಾರಿನ ಟಾಪು ಇಳಿಸಿದ ಕೈ

ಅಪ್ಪ ಕಾರು ತಂದ ದಿನ ನಮ್ಮ ಬೀದಿಯ ಅರ್ಧ ಮಗ್ಗಗಳು ನಿಂತುಹೋದವು. ನೇಯುವವರೆಲ್ಲ ಮಗ್ಗದ ಗುಂಡಿಯಿಂದ ಎದ್ದು ಹೊರಗೆ ಬಂದಿದ್ದರು. ಕೊಳ್ಳೇಗಾಲ ಆಗಿನ್ನೂ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಬಿಳಿಯ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಿದ್ದ. ತೋಟ ಮಾರಿ, ನಾಯಿಗಳನ್ನು ಯಾರಿಗೋ ಕೊಟ್ಟು, ಕಾರನ್ನು ನಮ್ಮಪ್ಪನ ತಲೆಗೆ ಕಟ್ಟಿದ್ದ. ನಮ್ಮದು ರೇಷ್ಮೆ ಸೀರೆ ನೇಯಿಸಿ ಮಾರುವ ಮನೆ. ಕಾರು ನಮಗೆ ಬೇಕಿತ್ತೇ ಎಂದರೆ ಖಂಡಿತ ಬೇಕಿರಲಿಲ್ಲ. ಆದರೆ ಆ ಕಾರಿನ ಟಾಪು ಬಟ್ಟೆಯದು. ಬೇಕೆಂದಾಗ ಅದು ತಾನಾಗಿ ಎದ್ದು, ಹಿಂದಕ್ಕೆ ಮಡಚಿಕೊಂಡು, ಸೀಟಿನ ಹಿಂದಿನ ಗೂಡಿನಲ್ಲಿ ಕೂರುತ್ತಿತ್ತು. ಅದನ್ನು ಒಂದು ಸಲ ನೋಡಿದ ಮೇಲೆ ಅಪ್ಪನಿಗೆ ಬೇರೆ ಮಾತೇ ಕೇಳಿಸಲಿಲ್ಲ.

ಕಾರಿನ ಜೊತೆಗೇ ಡ್ರೈವರೂ ಬಂದರು. ಹನೂರಿನ ಕಡೆಯವರು, ಐವತ್ತರ ಹತ್ತಿರದ ವಯಸ್ಸು. ದೊರೆಯ ತೋಟದಲ್ಲಿ ಲಾರಿ ಓಡಿಸುತ್ತಿದ್ದವರು. ಈ ಕಾರನ್ನು ಮಾತ್ರ ದೊರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಹಾಗಾಗಿ ಸ್ಟೀರಿಂಗು, ಗೇರು, ಬ್ರೇಕು ಅವರಿಗೆ ನೀರು ಕುಡಿದಷ್ಟು ಸಲೀಸು, ಆದರೆ ಮುಂದಿನ ಹಲಗೆಯ ಮೇಲೆ ಸಾಲಾಗಿದ್ದ ಗುಂಡಿಗಳಲ್ಲಿ ಯಾವುದು ಏನು ಮಾಡುತ್ತದೆಂದು ಗೊತ್ತಿರಲಿಲ್ಲ. ನಾನು ಅವರನ್ನು ಡ್ರೈವರಣ್ಣ ಎನ್ನುತ್ತಿದ್ದೆ. ಅವರಿಗೆ ನಾನು ಚಿಕ್ಕವ್ವೋರು. ತೋಟದಲ್ಲಿದ್ದಾಗ ಅವರು ಬಹಳ ಕುಡಿಯುತ್ತಿದ್ದರಂತೆ. ಒಂದು ವರ್ಷ ಮಾದಪ್ಪನ ಮಲೆಗೆ ನಡೆದು ಹೋಗಿ, ದೇವರ ಮುಂದೆ ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿ ಬಂದವರು ಆಮೇಲೆ ಮುಟ್ಟಿರಲಿಲ್ಲ. ಈ ಕಥೆಯನ್ನು ಅಪ್ಪನಿಗೆ ಮೊದಲ ದಿನವೇ ಅವರೇ ಹೇಳಿದ್ದರು.

ಕಾರಿನ ಮುಂದಿನ ಗೂಡಿನಲ್ಲಿ ಒಂದು ಇಂಗ್ಲಿಷ್ ಪುಸ್ತಕವಿತ್ತು. ಯಾವ ಗುಂಡಿ ಯಾವುದಕ್ಕೆ ಎಂದು ಚಿತ್ರ ಸಮೇತ ಬರೆದ ಪುಸ್ತಕ. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದವಳು ನಾನೊಬ್ಬಳೇ. ಬರುತ್ತಿತ್ತು ಎಂದರೆ ಹೈಸ್ಕೂಲಿನ ನಾಲ್ಕನೇ ಫಾರಂವರೆಗೆ ಓದಿ ಬಿಟ್ಟಿದ್ದೆ, ಅಷ್ಟೇ. ಅಪ್ಪ ಮಾತ್ರ ಬಂದವರಿಗೆಲ್ಲ, "ನಮ್ ಮಗಳು ಪುಸ್ತಕ ಓದಿ ಹೇಳ್ತಾಳೆ, ಡ್ರೈವರ್ರು ಹಾಗೇ ಮಾಡ್ತಾರೆ" ಎಂದು ಹೇಳಿಕೊಂಡು ತಿರುಗಿದರು. ನನಗೆ ಹದಿನೇಳು ವರ್ಷ. ಹೊಗಳಿಕೆ ತಲೆಗೇರದಿರಲು ನಾನೇನು ಸನ್ಯಾಸಿನಿಯೇ?

ಸಂಜೆ ಹೊತ್ತು ಕಾರು ಮನೆಯ ಮುಂದೆ ನಿಂತಿರುತ್ತಿತ್ತು. ನಾನು ಜಗಲಿಯ ಮೇಲೆ ಕೂತು ಓದುವುದು, ಡ್ರೈವರಣ್ಣ ಕಾರಿನೊಳಗೆ ಕೂತು ಬೆರಳಿಡುವುದು. ಇದು ಚೋಕು, ಇಂಜಿನ್ನು ತಣ್ಣಗಿದ್ದಾಗ ಮಾತ್ರ ಎಳೆಯಬೇಕು. ಇದು ಗಾಜು ಒರೆಸುವ ಕಡ್ಡಿಯದು. ಎಡಗಾಲ ಹತ್ತಿರ ಇರುವುದನ್ನು ತುಳಿದರೆ ಮುಂದಿನ ದೀಪ ತಗ್ಗುತ್ತದೆ. ಒಂದು ಗುಂಡಿಯನ್ನು ಒತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಅದರ ತುದಿ ಕೆಂಡವಾಗಿ ಹೊರಗೆ ಬರುತ್ತಿತ್ತು, ಸಿಗರೇಟು ಹಚ್ಚಲು. ನಮ್ಮ ಮನೆಯಲ್ಲಿ ಸಿಗರೇಟು ಯಾರು ಸೇದುತ್ತಾರೆ? ಅಪ್ಪ ದಿನಾ ಬೆಳಿಗ್ಗೆ ಅದರಲ್ಲಿ ಊದುಬತ್ತಿ ಹಚ್ಚಿ ಸ್ಟೀರಿಂಗಿಗೆ ಬೆಳಗುತ್ತಿದ್ದರು. ಬೂದಿ ಕೊಡವುವ ಬಟ್ಟಲಿಗೆ ಅಜ್ಜಿ ಕುಂಕುಮ ತುಂಬಿಟ್ಟಿದ್ದಳು.

ಡ್ರೈವರಣ್ಣ ಒಂದೊಂದನ್ನೂ ಮೂರು ಸಲ ಹೇಳಿಸಿಕೊಂಡು, ತಾವೂ ಹೇಳಿ ಒಪ್ಪಿಸುತ್ತಿದ್ದರು. "ಪುಸ್ತಕದಾಗ್ ಬರದಿರದು ಸುಳ್ಳಾಗದಿಲ್ಲ ಕಣ್ರವ್ವ. ಮಾಡ್ದೋರೇ ಬರದಿರ್ತರಲ್ವಾ" ಎನ್ನುತ್ತಿದ್ದರು.

ಟಾಪಿನ ವಿಷಯ ಪುಸ್ತಕದ ಕೊನೆಯಲ್ಲಿತ್ತು. ಮುಂದಿನ ಗಾಜಿನ ಮೇಲೆ ಎರಡು ಕಡೆ ಎರಡು ಕೊಂಡಿ, ಮೊದಲು ಅವನ್ನು ಬಿಚ್ಚಬೇಕು. ಇಂಜಿನ್ನು ಓಡುತ್ತಿರಬೇಕು. ಹಲಗೆಯ ಕೆಳಗೆ ನಡುಮಧ್ಯೆ ಇರುವ ಗುಂಡಿಯನ್ನು ಎಳೆಯಬೇಕು. ಇಷ್ಟಕ್ಕೆ ಚಿತ್ರಗಳಿದ್ದವು, ಓದಿ ಹೇಳಿದೆ. ಅದರ ಮುಂದಿನ ಪುಟದಲ್ಲಿ ಚಿತ್ರವಿರಲಿಲ್ಲ. ಉದ್ದುದ್ದ ಪದಗಳು, ದಪ್ಪಕ್ಷರದ ತಲೆಬರಹ. ಎರಡು ಸಾಲು ಓದಿದೆ, ಒಂದೂ ತಲೆಗೆ ಹತ್ತಲಿಲ್ಲ.

"ಇನ್ನೇನಾರ ಅದಾ?" ಎಂದು ಡ್ರೈವರಣ್ಣ ಕಾರಿನೊಳಗಿಂದ ಕೇಳಿದರು.

"ಅಷ್ಟೇ, ಮುಗೀತು" ಎಂದು ಪುಸ್ತಕ ಮುಚ್ಚಿದೆ. ಗೊತ್ತಾಗಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಅಪ್ಪ ಅಲ್ಲೇ ಬಾಗಿಲಲ್ಲಿ ನಿಂತಿದ್ದರು.

ವೈಶಾಖದಲ್ಲಿ ಹೊನ್ನೂರಿನ ದೊಡ್ಡ ಜಮೀನ್ದಾರರ ಮನೆಯಲ್ಲಿ ಮದುವೆ ಗೊತ್ತಾಯಿತು. ಅಂಥ ಮನೆಯ ಹೆಂಗಸರು ಅಂಗಡಿಗೆ ಬಂದು ಸೀರೆ ಆರಿಸುತ್ತಿರಲಿಲ್ಲ. ನಾವೇ ಗಂಟು ಕಟ್ಟಿಕೊಂಡು ಹೋಗಬೇಕು, ಅದೂ ಹೆಂಗಸರೇ ಹೋಗಬೇಕು. ಹಾಗೆ ಅಜ್ಜಿ, ನಾನು, ಡ್ರೈವರಣ್ಣ ಹೊರಟೆವು. ಹಿಂದಿನ ಸೀಟಿನ ತುಂಬ ಸೀರೆಯ ಗಂಟುಗಳು, ಅವುಗಳ ನಡುವೆ ಅಜ್ಜಿ. ನನಗೆ ಮುಂದೆ ಜಾಗ.

ಹೊನ್ನೂರಿಗೆ ಯಳಂದೂರು ದಾಟಿ ಹೋಗಬೇಕು, ಅದು ಮೈಸೂರು ಸೀಮೆಗೆ ಸೇರಿದ್ದು. ನಮ್ಮ ಕಡೆ ಮದ್ರಾಸಿನ ಸರ್ಕಾರ ಹೆಂಡ ಸಾರಾಯಿ ನಿಲ್ಲಿಸಿತ್ತು, ಗಡಿಯ ಆಚೆ ಅಂಗಡಿಗಳು ಇನ್ನೂ ತೆರೆದಿದ್ದವು. ಕೊಳ್ಳೇಗಾಲದ ಗಂಡಸರಿಗೆ ಆಗ ಯಳಂದೂರಿನಲ್ಲಿ ಇದ್ದಕ್ಕಿದ್ದಂತೆ ಕೆಲಸಗಳು ಹುಟ್ಟಿಕೊಂಡಿದ್ದವು. ನೆಂಟರ ಮನೆಗೆ ಹೋಗಿದ್ದೆ ಎಂದರೂ ಬೀದಿಯವರು ನಗುತ್ತಿದ್ದರು. ಗಡಿಯ ಗೇಟಿನಲ್ಲಿ ನಮ್ಮ ಕಡೆಯ ಪೋಲೀಸಿನವನು ಗಾಡಿ ನಿಲ್ಲಿಸಿ, ಗಂಟು ತಡವಿ, ಡ್ರೈವರನ ಬಾಯಿ ಮೂಸಿ ನೋಡಿಯೇ ಬಿಡುತ್ತಿದ್ದ.

ಹೊನ್ನೂರಿನಲ್ಲಿ ಮಧ್ಯಾಹ್ನವೆಲ್ಲ ಸೀರೆ ಬಿಚ್ಚುವುದು, ಮಡಿಸುವುದೇ ಆಯಿತು. ಹೊರಗೆ ಜೋರು ಮಳೆ ಸುರಿದು ನಿಂತಿತು. ನಾವು ಹೊರಡುವಾಗ ಬಿಸಿಲು ಬಂದಿತ್ತು, ಗದ್ದೆಗಳೆಲ್ಲ ತೊಳೆದು ಇಟ್ಟ ಹಾಗಿದ್ದವು. ಯಳಂದೂರು ದಾಟಿ ಗೇಟಿಗೆ ಬಂದೆವು. ಪೋಲೀಸಿನವನು ಡ್ರೈವರಣ್ಣನಿಗೆ ಊದಲು ಹೇಳಿ, ಮೂಗು ಹತ್ತಿರ ತಂದು, "ಸರಿ ಹೋಗಿ" ಎಂದ. ನಾನು ಒಂದು ಮೊಳ ದೂರದಲ್ಲಿ ಕೂತು ನೋಡಿದೆ. ಅಜ್ಜಿ ಗಂಟುಗಳಿಗೆ ಒರಗಿ ನಿದ್ದೆ ಮಾಡುತ್ತಿದ್ದಳು.

ಗೇಟು ದಾಟಿದ ಮೇಲೆ ನನಗೆ ಹುಚ್ಚು ಹತ್ತಿತು. ಟಾಪು ಇಳಿಸಿಕೊಂಡು ನಮ್ಮ ಬೀದಿಗೆ ಹೋಗಬೇಕು, ನನ್ನ ಜೊತೆ ಓದಿದ ಹುಡುಗಿಯರು ನೋಡಬೇಕು. ಟಾಪು ಇಳಿಸಿ ಎಂದೆ.

"ಬಟ್ಟೆ ನೆಂದದೆ ಚಿಕ್ಕವ್ವೋರೆ" ಎಂದರು ಡ್ರೈವರಣ್ಣ. "ದೊರೆ ನೆಂದಿರುವಾಗ ಮುಟ್ಟುತಿರ್ನಿಲ್ಲ. ಟವಲು ತಕಂಡು ಒರಸಿ, ಒಣಗಿಸಿ, ಆಮೇಲೆ ಇಳಿಸೋರು. ನಾನೇ ಕಂಡಿವ್ನಿ."

"ಪುಸ್ತಕದಲ್ಲಿ ಹಾಗೇನೂ ಬರೆದಿಲ್ಲ" ಎಂದೆ. ಓದದೇ ಇರುವ ಪುಟದ ಮೇಲೆ ಎಷ್ಟು ಧೈರ್ಯದಿಂದ ಹೇಳಿದೆ ಎಂದು ನೆನೆಸಿಕೊಂಡರೆ ಈಗಲೂ ಮೈ ಬಿಸಿಯಾಗುತ್ತದೆ.

ಅವರು ಕತ್ತೆತ್ತಿ ಟಾಪನ್ನೊಮ್ಮೆ ನೋಡಿದರು. "ಪುಸ್ತಕದಾಗ್ ಇಲ್ದಿದ್ರೆ ಸರಿ. ಆದ್ರೂ ಒಂದ್ ದಪ ಒರಸ್ಬುಡ್ತೀನಿ" ಎಂದು ರಸ್ತೆಯಲ್ಲೇ ನಿಲ್ಲಿಸಿದರು. ಇಂಜಿನ್ನು ಓಡುತ್ತಲೇ ಇತ್ತು. ಕೈ ಎತ್ತಿ ಬಲಗಡೆಯ ಕೊಂಡಿ ಬಿಚ್ಚಿದರು, ಬಗ್ಗಿ ನನ್ನ ಕಡೆಯದನ್ನೂ ಬಿಚ್ಚಿದರು. ಟವಲು ತೆಗೆದುಕೊಂಡು ಇಳಿಯಬೇಕು, ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂದು ಹಾರನ್ನು ಬಾರಿಸತೊಡಗಿತು. ರಸ್ತೆ ಕಿರಿದು. ಗಾಡಿ ಪಕ್ಕಕ್ಕೆ ಹಾಕಲೇಬೇಕು. ಅವರು ಗೇರು ಹಾಕಿ, ಕತ್ತು ಹಿಂದಕ್ಕೆ ತಿರುಗಿಸಿ ಬಸ್ಸನ್ನೇ ನೋಡುತ್ತಾ ಮುಂದಕ್ಕೆ ಸರಿಸತೊಡಗಿದರು.

ಬಸ್ಸು ನಮ್ಮ ಪಕ್ಕದಲ್ಲಿ ಹಾದುಹೋಗುವಾಗ ಅದರಲ್ಲಿದ್ದವರು ಕಿಟಕಿಯಿಂದ ಇಣುಕಿ ನಮ್ಮನ್ನು ನೋಡುತ್ತಿದ್ದರು. ನಾನು ಹಲಗೆಯ ಕೆಳಗೆ ಕೈ ಹಾಕಿ ಗುಂಡಿ ಎಳೆದೆ.

ಟಾಪು ಎದ್ದಿತು. ನೆಟ್ಟಗೆ ನಿಂತು ನಿಧಾನಕ್ಕೆ ಮಡಚಬೇಕಾದದ್ದು ಬಸ್ಸಿನ ಗಾಳಿಗೆ ಒಂದೇ ಸಲ ಹಿಂದಕ್ಕೆ ಬಿತ್ತು. ಕಬ್ಬಿಣದ ಕಮಾನು ತಿರುಚಿಕೊಂಡಿತು. ಹಿಂದಿನ ಕಿಟಕಿಯಿಂದ ತುದಿಯವರೆಗೆ ಬಟ್ಟೆ ಹರಿದ ಸದ್ದಿಗೆ ಅಜ್ಜಿ ಎದ್ದು ಕೂತಳು. ನಾನು ಗುಂಡಿಯನ್ನು ಒಳಕ್ಕೆ ತಳ್ಳಿ ಕೈ ಮಡಿಲಿಗೆ ತಂದುಕೊಂಡೆ. ಡ್ರೈವರಣ್ಣ ಗಾಡಿ ನಿಲ್ಲಿಸಿ ಕೆಳಗಿಳಿದು ತಲೆಯ ಮೇಲೆ ಕೈ ಹೊತ್ತು ನಿಂತರು.

"ಕೊಂಡಿ ಬಿಚ್ಚಿ ಗಾಡಿ ಕದಲಿಸ್ಬುಟ್ನಲ್ಲ" ಎಂದರು. "ಗಾಳಿ ಒಳುಕ್ ನುಗ್ಗಿ ಎತ್ಬುಡ್ತು."

ಅವರು ನನ್ನ ಕೈ ನೋಡಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಮನೆ ಮುಟ್ಟುವವರೆಗೆ ಆ ಚಿಂದಿ ಬಟ್ಟೆ ಹಿಂದೆ ಪಟಪಟ ಬಡಿಯುತ್ತಿತ್ತು. ನಾನು ಆಸೆಪಟ್ಟ ಹಾಗೆ ಬೀದಿಯವರೆಲ್ಲ ಹೊರಗೆ ಬಂದು ನೋಡಿದರು.

ಅಪ್ಪ ಕಾರನ್ನು ಎರಡು ಸುತ್ತು ಸುತ್ತಿದರು. ಡ್ರೈವರಣ್ಣ ಚಪ್ಪಲಿ ಬಿಟ್ಟು ನಿಂತು, "ನನ್ ತಪ್ಪೇ ಬುದ್ದಿ. ಕೊಂಡಿ ಬಿಚ್ಚಿದ್ ಮ್ಯಾಲೆ ಗಾಡಿ ಕದಲುಸ್ಬಾರ್ದಾಗಿತ್ತು" ಎಂದರು.

"ಇಷ್ಟು ವರ್ಷ ಗಾಡಿ ಓಡಿಸಿದವನು ಇಂಥ ತಪ್ಪು ಮಾಡ್ತೀಯೇನಯ್ಯಾ? ಎಲ್ಲಿ ಕುಡಿದೆ? ಯಳಂದೂರಲ್ಲಾ?"

"ಇಲ್ಲ ಬುದ್ದಿ. ಮಾದಪ್ಪನಾಣೆ ಮುಟ್ನಿಲ್ಲ. ಗೇಟಲ್ಲಿ ಪೋಲೀಸ್ನೋರು ಮೂಸಿ ಬುಟ್ರು. ಚಿಕ್ಕವ್ವೋರ ಕೇಳಿ, ಪಕ್ದಲ್ಲೇ ಕುಂತಿದ್ರು."

ಅಪ್ಪ ನನ್ನ ಕಡೆ ತಿರುಗಿದರು. ಜಗಲಿಯ ಕಂಬ ಹಿಡಿದು ನಿಂತಿದ್ದೆ. ಹೌದಪ್ಪ ಎಂದರೆ ಸಾಕಿತ್ತು. ಆದರೆ ನನ್ನ ತಲೆ ಆಗ ಬಹಳ ಚುರುಕಾಗಿತ್ತು, ಹಾಳಾದದ್ದು. ಇವರು ಕುಡಿದಿರಲಿಲ್ಲ ಎಂದಾದರೆ ಟಾಪು ಹೇಗೆ ಎದ್ದಿತು ಎಂಬ ಪ್ರಶ್ನೆ ಬರುತ್ತದೆ. ಗುಂಡಿ ಎಳೆಯದೆ ಅದು ಏಳುವುದಿಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ಆಮೇಲೆ ಪುಸ್ತಕ ತಾ ಎನ್ನುತ್ತಾರೆ, ಆ ಪುಟ ಓದು ಎನ್ನುತ್ತಾರೆ.

"ನಾನು ಸರಿಯಾಗಿ ನೋಡ್ಲಿಲ್ಲಪ್ಪ" ಎಂದೆ.

ಡ್ರೈವರಣ್ಣ ನನ್ನನ್ನು ನೋಡಿದರು. ಕೋಪದಿಂದ ನೋಡಲಿಲ್ಲ. ಇನ್ನೇನಾದರೂ ಹೇಳುತ್ತಾಳೇನೋ ಎಂದು ಕಾದ ಹಾಗೆ ನೋಡಿದರು. ನಾನು ಒಳಗೆ ಹೋದೆ. ಆಣೆ ಮಾಡಿ ಮುರಿದವನು ನನ್ನ ಮನೆ ಬಾಗಿಲಲ್ಲಿ ಬೇಡ ಎಂದು ಅಪ್ಪ ಹೇಳಿದ್ದು ಅಡುಗೆಮನೆಗೂ ಕೇಳಿಸಿತು. ಅವತ್ತು ಸಂಜೆಯ ಬಸ್ಸಿಗೇ ಅವರು ಹನೂರಿಗೆ ಹೋದರು.

ನಾಲ್ಕು ದಿನ ಆದ ಮೇಲೆ ಶಾಲೆಯ ಟೀಚರ ಹತ್ತಿರ ಡಿಕ್ಷನರಿ ಇಸಿದುಕೊಂಡು ಬಂದು ಆ ಪುಟವನ್ನು ಓದಿದೆ. ದಪ್ಪಕ್ಷರದಲ್ಲಿದ್ದದ್ದು ಎಚ್ಚರಿಕೆ ಎಂಬ ಮಾತು. ಬಟ್ಟೆ ಒದ್ದೆಯಿದ್ದಾಗ ಮಡಚಬಾರದು. ಹಿಂದಿನ ಕಿಟಕಿಯನ್ನು ಮೊದಲು ಬಿಚ್ಚಬೇಕು. ಗಾಡಿ ಚಲಿಸುವಾಗ ಯಾವ ಕಾರಣಕ್ಕೂ ಗುಂಡಿ ಎಳೆಯಬಾರದು. ಅರ್ಧ ಗಂಟೆಯ ಕೆಲಸ. ಇದೇ ಅರ್ಧ ಗಂಟೆಯನ್ನು ಮೊದಲೇ ಖರ್ಚು ಮಾಡಿದ್ದರೆ ಆಗುತ್ತಿತ್ತು. ಆಗಲಾದರೂ ಅಪ್ಪನ ಹತ್ತಿರ ಹೋಗಿ ಹೇಳಬಹುದಿತ್ತು, ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎಂದುಕೊಂಡೇ ತಿಂಗಳು ಕಳೆಯಿತು, ಬೀದಿಯವರು ಆ ಮಾತನ್ನೇ ಬಿಟ್ಟರು. ಮೈಸೂರಿನಿಂದ ಬಂದವನೊಬ್ಬ ಕಮಾನು ಬಡಿದು, ಬಟ್ಟೆ ಹೊಲಿದು, ಟಾಪು ಏಳದ ಹಾಗೆ ಮೊಳೆ ಹೊಡೆದು ಹೋದ. ಅಪ್ಪನಿಗೆ ಅದರ ಮೇಲಿನ ಆಸೆಯೇ ಹೋಗಿ, ಎರಡು ವರ್ಷದಲ್ಲಿ ಮಾರಿದರು.

ನನಗೆ ಮದುವೆಯಾಯಿತು, ಅದೇ ಊರಲ್ಲಿ. ಗಂಡ ಜರಿ ವ್ಯಾಪಾರದವರು, ಒಳ್ಳೆಯವರು. ಮೊದಲ ಮಗು ಹುಟ್ಟಿದ ಮೇಲೆ ಮಾದಪ್ಪನಿಗೆ ಮಗುವಿನ ಮುಡಿ ಕೊಡಲೆಂದು ಮಲೆಗೆ ಹೊರಟೆವು. ಬಸ್ಸು ಹನೂರಿನಲ್ಲಿ ನಿಂತಿತು. ಮುಂದೆ ಘಾಟಿ ಹತ್ತಬೇಕು, ಅಲ್ಲಿ ಇಂಜಿನ್ನಿಗೆ ನೀರು ಹೊಯ್ಯದೆ ಯಾವ ಬಸ್ಸೂ ಹೋಗುತ್ತಿರಲಿಲ್ಲ. ಗಂಡ ಮಗುವಿಗೆ ಹಾಲು ತರಲು ಇಳಿದರು. ನಾನು ಕಿಟಕಿಯಿಂದ ನೋಡುತ್ತೇನೆ, ಎರಡು ಡಬ್ಬ ನೀರು ಹೊತ್ತು ಬರುತ್ತಿದ್ದವರು ಡ್ರೈವರಣ್ಣ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾನೆಟ್ಟು ಎತ್ತಿ, ಮುಚ್ಚಳವನ್ನು ಬಟ್ಟೆಯಿಂದ ಹಿಡಿದು ತಿರುಗಿಸಿ, ಆವಿ ಹೋಗುವವರೆಗೆ ಕಾದು ನೀರು ಹೊಯ್ದರು. ಬಸ್ಸಿನ ಡ್ರೈವರು ಆಚೆ ನಿಂತು ಕಾಫಿ ಕುಡಿಯುತ್ತಿದ್ದ.

ಮಗುವನ್ನು ಎತ್ತಿಕೊಂಡು ಇಳಿದೆ. ನನ್ನನ್ನು ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹಿಡಿದ ಮೇಲೆ ಮುಖ ಅರಳಿತು, ಅದೇ ನನಗೆ ತಡೆಯಲಾಗಲಿಲ್ಲ.

"ಚೆಂದಾಗಿದ್ದೀರಾ ಚಿಕ್ಕವ್ವೋರೆ? ಮಗ ನಿಮ್ದಾ? ಬುದ್ದಿಯೋರು ಉಸಾರಾಗವ್ರಾ?"

"ಯಾಕೆ ಡ್ರೈವರಣ್ಣ, ಗಾಡಿ ಓಡಿಸಲ್ವಾ ಈಗ?" ಎಂದು ಕೇಳಿದೆ. ಯಾರೂ ಕೆಲಸ ಕೊಡಲಿಲ್ಲ ಎನ್ನುತ್ತಾರೆ, ಕುಡುಕ ಅಂತ ಹೆಸರಾಯಿತು ಎನ್ನುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ.

"ಕರುದ್ರು ಕಣ್ರವ್ವ. ಬಸ್ಸಿನೋರು ಎಲ್ಡ್ ದಪ ಮನೆಗಂಟ ಬಂದಿದ್ರು. ನಾನೇ ಒಲ್ಲೆ ಅಂದೆ." ಡಬ್ಬ ಕೆಳಗಿಟ್ಟರು. "ಕುಡುಕ ಅಂದ್ರು, ಅನ್ಲಿ. ಕುಡುದಿರ್ನಿಲ್ಲ ಅಂತ ನಂಗೊತ್ತು, ಮಾದಪ್ಪಂಗೊತ್ತು. ಗೇಟಲ್ಲಿ ನೀವೂ ಆ ಕಡೀಕ್ ತಿರುಗಿದ್ರೇನೋ, ನೋಡಿರ್ನಿಲ್ಲ. ಅದ್ಕೆ ಬ್ಯಾಸ್ರ ಇಲ್ಲ. ಆದ್ರೆ ಕುಡೀದೇನೇ ಅಂಗ್ ಮಾಡ್ಬುಟ್ನಲ್ಲ. ಕುಡುದಿದ್ರೆ ಕುಡುದಿದ್ದೆ ಅನ್ಬೋದಾಗಿತ್ತು. ಗ್ಯಾನ ಸರಿಯಾಗಿರುವಾಗ್ಲೇ ಕೈ ತಪ್ತು ಅಂದ್ಮೇಲೆ, ಈ ಘಾಟೀಲಿ ಐವತ್ತು ಜನನ ಕೂರುಸ್ಕಂಡು ಎಂಗವ್ವ ಓಗದು?"

ಇಷ್ಟು ವರ್ಷ ನಾನು ಅವರ ಹೆಸರು ಕೆಡಿಸಿದೆ ಎಂದುಕೊಂಡು ಕೊರಗುತ್ತಿದ್ದೆ. ಹೆಸರಿನ ಚಿಂತೆ ಅವರಿಗೆ ಇರಲೇ ಇಲ್ಲ. ನಾನು ಕಸಿದುಕೊಂಡದ್ದು ಬೇರೆ ಏನನ್ನೋ, ಅದು ನನಗೆ ಗೊತ್ತೇ ಇರಲಿಲ್ಲ. ಅಲ್ಲೇ, ಬಸ್ಸಿನ ಪಕ್ಕದಲ್ಲಿ ನಿಂತು ಹೇಳಿಬಿಟ್ಟೆ. ಗುಂಡಿ ಎಳೆದದ್ದು ನಾನು. ನೀವು ಬಸ್ಸಿನ ಕಡೆ ನೋಡುತ್ತಿದ್ದಿರಿ. ಗೇಟಿನಲ್ಲಿ ಪೋಲೀಸಿನವನು ಮೂಸಿದ್ದನ್ನೂ ನೋಡಿದ್ದೆ. ಪುಸ್ತಕದಲ್ಲಿ ಒದ್ದೆ ಬಟ್ಟೆ ಮುಟ್ಟಬೇಡಿ ಅಂತಲೇ ಬರೆದಿತ್ತು, ನಾನು ಆ ಪುಟ ಓದಿರಲಿಲ್ಲ.

ಅವರು ಕೈಯಲ್ಲಿದ್ದ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡರು. ಆಮೇಲೆ, "ಅಂಗಾರೆ ಗಾಳಿ ಎತ್ತಿದ್ದಲ್ವಾ?" ಎಂದು ಕೇಳಿದರು.

"ಅಲ್ಲ. ಗುಂಡಿ ಎಳೀದೆ ಅದು ಏಳ್ತಿರ್ಲಿಲ್ಲ."

"ಕೊಂಡಿ ಬಿಚ್ಚಿ ಕದಲುಸಿದ್ದು?"

"ಅದರಿಂದ ಏನೂ ಆಗ್ತಿರಲಿಲ್ಲ ಡ್ರೈವರಣ್ಣ. ನೀವು ಮಾಡಿದ್ದೆಲ್ಲ ಸರಿಯಾಗೇ ಇತ್ತು."

ಅವರು ತಲೆಯಾಡಿಸಿದರು. ಬೈಯುತ್ತಾರೆ ಎಂದು ಕಾದೆ, ಬೈಯಲಿ ಎಂದು ಬೇಡಿಕೊಂಡೆ.

"ಇದ ಅವತ್ತೇ ಏಳ್ಬೋದಾಗಿತ್ತಲ್ಲವ್ವ" ಎಂದರು. "ಈಗ ಕಣ್ ಮಂಜಾಗದೆ. ಲೈಸೆನ್ಸೂ ಮುಗುದೋಯ್ತು."

ಬಸ್ಸಿನವನು ಹಾರನ್ನು ಬಾರಿಸಿದ. ಅವರು ಡಬ್ಬಗಳನ್ನು ಎತ್ತಿಕೊಂಡು ಮುಂದಿನ ಬಸ್ಸಿನ ಕಡೆ ಹೋದರು. ನಾನು ಕಾಲಿಗೆ ಬೀಳಬೇಕೆಂದುಕೊಂಡದ್ದು ಹಾಗೇ ಉಳಿಯಿತು. ಘಾಟಿಯ ಉದ್ದಕ್ಕೂ ಅಳುತ್ತಿದ್ದೆ. ಗಂಡನಿಗೆ ಎಲ್ಲ ಹೇಳಿದೆ. ಹೋಗಲಿ ಬಿಡು, ಹಳೇದು ಎಂದು ಅವರು ಮಗುವನ್ನು ತಾವೇ ಎತ್ತಿಕೊಂಡರು.

ಮಲೆಯಿಂದ ಇಳಿದವಳೇ ತವರಿಗೆ ಹೋಗಿ ಅಪ್ಪನ ಮುಂದೆ ಕೂತೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮೊದಲಿಂದ ಕೊನೆಯವರೆಗೆ ಒಂದೂ ಬಿಡದೆ ಹೇಳಿದೆ. ಡ್ರೈವರಣ್ಣನನ್ನು ನಿಂತ ಕಾಲಲ್ಲಿ ಹೊರಗೆ ಹಾಕಿದ ಅಪ್ಪ ನನ್ನ ಮೇಲೆ ದನಿ ಸಹ ಏರಿಸಲಿಲ್ಲ.

"ಹೌದಾ? ಹೋಗ್ಲಿ ಬಿಡವ್ವ. ಹುಡುಗಾಟದ ವಯಸ್ಸು" ಎಂದರು.

"ಅವರನ್ನ ಕರೆಸಿ ಒಂದು ಮಾತಾಡಿ ಅಪ್ಪ."

ಅಪ್ಪ ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. ನಾನು ಏನು ಕೇಳುತ್ತಿದ್ದೇನೆಂದು ಅವರಿಗೆ ನಿಜವಾಗಿಯೂ ತಿಳಿಯಲಿಲ್ಲ.

"ಕಾರೇ ಇಲ್ವಲ್ಲವ್ವ ಈಗ. ಡ್ರೈವರ್ ಯಾಕೆ?" ಎಂದರು.